ಎಡಗೋಡೆಯ ಮೂರನೇ ಮಗು

ಚರ್ಚಿನ ಹಿಂಬದಿಯ ಕೋಣೆ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀ? ಸೊಂಟದ ನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸ ನಿನ್ನದು, ಕೂರಲು ಸಿಕ್ಕಾಗ ಕೂರು. ನನ್ನ ಮೊಣಕಾಲು ಪ್ರಾರ್ಥನೆಗೆ ಬಗ್ಗುತ್ತದೆ, ಮೆಟ್ಟಿಲಿಗೆ ಬಗ್ಗುವುದಿಲ್ಲ. ನಿನ್ನಮ್ಮ ಇದನ್ನು ಭಕ್ತಿ ಎನ್ನುವುದಿಲ್ಲ, ಮೈಗಳ್ಳತನ ಎನ್ನುತ್ತಾಳೆ. ಅವಳು ಚೆನ್ನಾಗಿದ್ದಾಳೆ ಎಂದು ಬರೆಯಬೇಕೆಂದಿದ್ದೆ. ಪೆನ್ನು ಮುಂದೆ ಹೋಗುತ್ತಿಲ್ಲ.

ಗೋಡೆಚಿತ್ರಗಳು ಸಂರಕ್ಷಿತವೆಂದು ಪುರಾತತ್ವ ಇಲಾಖೆ ಫಲಕ ಹಾಕಿದ ಮೇಲೆ ಇಲ್ಲಿ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಚರ್ಚಿನ ಬೀಗದ ಕೈ ನಲವತ್ತು ವರ್ಷದಿಂದ ನನ್ನ ಬಳಿಯೇ ಇದ್ದರೂ ಗೋಡೆ ಮಾತ್ರ ಅವರದು. ಕಳೆದ ತಿಂಗಳು ಅವುಗಳನ್ನು ಶುಚಿ ಮಾಡಲು ಒಬ್ಬ ಹೆಣ್ಣುಮಗಳು ಬಂದಳು. ಹತ್ತಿ ಸುತ್ತಿದ ಕಡ್ಡಿ ಹಿಡಿದು ಅಂಗೈಯಗಲದ ಜಾಗವನ್ನು ಇಡೀ ದಿನ ಒರೆಸುತ್ತಾಳೆ. ಚಿಕ್ಕಂದಿನಲ್ಲಿ ನಿನ್ನ ಮುಖವನ್ನೂ ನಾವು ಅಷ್ಟು ನಾಜೂಕಾಗಿ ತೊಳೆದಿರಲಿಲ್ಲ. ಎಡಗೋಡೆಯಲ್ಲಿ ಯೇಸುವಿನ ಸುತ್ತ ಮಕ್ಕಳು ನಿಂತಿದ್ದಾರಲ್ಲ, ಅಲ್ಲಿ ಮೂರನೇ ಮಗುವಿನ ಮುಂದೆ ಅವಳ ಕೈ ನಿಂತಿತು. "ಇದರ ಕೆಳಗೆ ಇನ್ನೊಂದು ಮುಖ ಇದೆ ಸರ್" ಎಂದಳು.

ಮೇಲಿದ್ದದ್ದು ನಮ್ಮ ಗುಬ್ಬಿಯ ಮುಖವೆಂದು ನಿನಗೆ ಹೇಳಬೇಕಿಲ್ಲ. ನಿನ್ನ ಮಗ ಜ್ವರದಲ್ಲಿ ತೀರಿಹೋದ ವರ್ಷ ಆ ಗೋಡೆಗೆ ನೀರಿಳಿದಿತ್ತು, ಫಲಕ ಇನ್ನೂ ಬಂದಿರಲಿಲ್ಲ. ಸರಿಪಡಿಸಲು ಕರೆಸಿದ ಬೋರ್ಡು ಬರೆಯುವವನ ಕೈಗೆ ಗುಬ್ಬಿಯ ಫೋಟೋ ಕೊಟ್ಟವನು ನಾನು. "ಇಲ್ಲಿರೋ ಮುಖ ಯಾರದೋ ಏನೋ" ಎಂದು ಅವನು ಹಿಂಜರಿದ. "ಯಾರದಾದ್ರೇನು, ಮಾಸಿ ಹೋಗಿದೆಯಲ್ಲ" ಎಂದೆ. ನೀನು ಅದನ್ನು ನೋಡಲಾರದೆ ಊರು ಬಿಟ್ಟೆ. ನಿನ್ನಮ್ಮ ಅದನ್ನು ನೋಡಲೆಂದೇ ಹತ್ತೊಂಬತ್ತು ವರ್ಷ ಅದೇ ಬೆಂಚಿನಲ್ಲಿ ಕೂತಳು.

ಆ ಹೆಣ್ಣುಮಗಳು ಹುಬ್ಬಿನ ಹತ್ತಿರ ಉಗುರಿನಷ್ಟು ಬಣ್ಣ ಬಿಡಿಸಿ ನೋಡುತ್ತಿದ್ದಾಗ ಹೊಲಿಗೆಯಮ್ಮ ಪೀಠದ ಬಟ್ಟೆ ಬದಲಿಸಲು ಬಂದಿದ್ದರು. ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಬಂದರು. "ಅದು ನಮ್ಮ ಹುಡುಗ. ಹುಬ್ಬಿನ ಮೇಲೆ ನನ್ನ ಕತ್ತರಿ ತಾಗಿದ ಗುರುತು" ಎಂದರು. ಚರ್ಚು ಕಟ್ಟಿದ ಕಾಲದಲ್ಲಿ ಚಿತ್ರಕಾರ ಅವರ ಮಗನನ್ನು ಎದುರು ಕೂರಿಸಿಕೊಂಡು ಬರೆದಿದ್ದನಂತೆ. ಮರುವರ್ಷವೇ ಹುಡುಗ ತೀರಿಕೊಂಡ. ಅವರ ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ. ಇಷ್ಟು ವರ್ಷ ಯಾಕಮ್ಮಾ ಸುಮ್ಮನಿದ್ರಿ ಎಂದೆ. "ನಿಮ್ಮದು ಆಗಷ್ಟೇ ಹೋದ ಮಗು. ಹೇಗೆ ಹೇಳ್ಲಿ?" ಎಂದವರು ಹಳೆಯ ಬಟ್ಟೆ ಮಡಿಸತೊಡಗಿದರು. ಅದರ ಇನ್ನೊಂದು ತುದಿ ಹಿಡಿದುಕೊಂಡೆನೇ ಹೊರತು ಅವರ ಮುಖ ನೋಡಲಾಗಲಿಲ್ಲ.

ಆಮೇಲೆ ಸೇರಿಸಿದ ಬಣ್ಣ ಇರಕೂಡದು ಎಂದು ಇಲಾಖೆಯಿಂದ ಆಜ್ಞೆ ಬಂತು. ಮಂಗಳವಾರ ಬೆಳಿಗ್ಗೆ ತೆಗೆದರು. ಮೊದಲು ಹೋದದ್ದು ಗುಬ್ಬಿಯ ಗಲ್ಲದ ಕುಳಿ. ನಿನ್ನಮ್ಮ ಬೆಂಚಿನ ಅಂಚು ಹಿಡಿದು ಕೊನೆಯವರೆಗೂ ಕೂತಿದ್ದಳು. "ಮೆಲ್ಲಗೆ ಕಣಮ್ಮಾ, ಅವನಿಗೆ ನೋಯುತ್ತೆ" ಎಂದಳು ಒಮ್ಮೆ, ಅಷ್ಟೇ. ಆಮೇಲೆ ಚರ್ಚಿಗೆ ಬಂದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ನೋಡಿಕೊಳ್ಳುವ ರೋಗಿಗಳ ಹರಕೆಯೆಲ್ಲ ನಿನ್ನನ್ನು ಕಾಯಲಿ.

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ಮೇಲೊಂದು ಸುಳ್ಳಿದೆ. ಆಜ್ಞೆ ಯಾವುದೂ ಬಂದಿರಲಿಲ್ಲ. ಇರಲಿ ಎಂದರೆ ಇರಲಿ, ನೀವೇ ನೋಡಿ ಎಂದು ಇಲಾಖೆಯವರು ಫಾದರ್‌ಗೆ ಬಿಟ್ಟರು, ಫಾದರ್ ನನಗೆ ಬಿಟ್ಟರು. ತೆಗೆಯಿರಿ ಎಂದವನು ನಾನೇ. ನಿನ್ನಮ್ಮನಿಗೆ ಹೇಳುವ ಧೈರ್ಯ ಬಂದಿಲ್ಲ. ಅಂದು ನಿನ್ನನ್ನು ಕೇಳದೆ ಬರೆಸಿದೆ, ಈಗ ನಿನ್ನನ್ನು ಕೇಳದೆ ಅಳಿಸಿದೆ. ನನ್ನೊಂದಿಗೆ ಮಾತು ಬಿಟ್ಟರೂ ಸರಿ, ಅಮ್ಮನಿಗೆ ಫೋನ್ ಮಾಡು. ಎರಡು ದಿನದಿಂದ ಅವಳು ಊಟ ಮಾಡಿಲ್ಲ.