ತೂಕವಿಲ್ಲದ ಪುಸ್ತಕದ ಕ್ರಯ

18-9-2016, ಭಾನುವಾರ
ಚರ್ಚಿನ ಪೂಜೆ ಮುಗಿಸಿ ಬಂದೆ. ಹೊಸ ಕನ್ನಡಕಕ್ಕೂ ಪ್ರಾರ್ಥನೆ ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗೆಯೇ. ಅಕ್ಟೋಬರ್ ಒಂದಕ್ಕೆ ಮನೆಮನೆಯಲ್ಲಿ ದೇವಮಾತೆಯ ಜಪಸರದ ಪ್ರಾರ್ಥನೆ ಶುರು, ಮೊದಲು ನಮ್ಮಲ್ಲೇ. ಹತ್ತೊಂಬತ್ತು ವರ್ಷದಿಂದ ಧ್ಯಾನ ಓದುವವಳು ನಾನು. ಜಪ ಬಾಯಿಪಾಠ. ಧ್ಯಾನ ದಿನಕ್ಕೊಂದು, ಓದಲೇಬೇಕು. ಆಗದಿದ್ದರೆ ನೆರೆಮನೆಯ ರೆಶ್ಮಾ ಓದುತ್ತಾಳೆ. ಬಿಟ್ಟುಕೊಡಲು ಮನಸ್ಸಿಲ್ಲ. ದೇವರು ಕ್ಷಮಿಸಲಿ.

20-9
ತಮ್ಮ ಬೆನ್ನಿಯ ಮಗಳು ಪಿಂಕಿ ಕುಂಬಳೆಯಿಂದ ಬಂದಿದ್ದಳು. ಅದೇ ಪುಸ್ತಕ ಇ-ಬುಕ್ ಆಗಿ ಹೊರದೇಶದ ಆನ್‌ಲೈನ್ ಅಂಗಡಿಯಲ್ಲಿ ಉಂಟಂತೆ. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು! ಅವಳ ಮೊಬೈಲಿನಲ್ಲಿ 129 ರೂಪಾಯಿ. ನನ್ನ ಕಾರ್ಡು ಹಿಡಿಯಲಿಲ್ಲ, ಅವಳದ್ದೂ ಇಲ್ಲ. ಹೊರದೇಶಕ್ಕೆ ನಡೆಯದಂತೆ. ಕುವೈತಿಗೆ, ಬೆನ್ನಿಗೆ ಫೋನ್ ಮಾಡಿದೆವು. ಅವನಿಗೆ ತೋರಿಸಿದ್ದು ಆರು ಡಾಲರ್. ಅಂದರೆ ನಾನೂರು ರೂಪಾಯಿ.
ಅದೇ ಪುಸ್ತಕ. ಕಾಗದವಿಲ್ಲ, ತೂಕವಿಲ್ಲ, ಲಾರಿ ಬಾಡಿಗೆಯಿಲ್ಲ. ಮತ್ತೆ ಹೇಗೆ?

22-9
ಬುಟ್ಟಿ ಮಾರುವ ಬಟ್ಯ ಬಂದ. ನನಗೆ ಎಂಬತ್ತು. ದುಬೈಯವರ ಮನೆಯಲ್ಲಿ ಅದೇ ಬುಟ್ಟಿಗೆ ನೂರೈವತ್ತು ತೆಗೆದುಕೊಂಡಿದ್ದ. ಯಾಕೆಂದು ಕೇಳಿಯೇ ಬಿಟ್ಟೆ.
“ಅಂಗಳ ನೋಡಿ ಕ್ರಯ ಬಾಯಮ್ಮ. ಅಲ್ಲಿ ಇಂಟರ್‌ಲಾಕ್ ಕಲ್ಲು ಹಾಸಿ ಉಂಟು. ನಿಮ್ಮದು ಮಣ್ಣು.”
ನಗು ಬಂತು. ಆದರೆ ಆ ದೂರದ ಅಂಗಡಿಗೆ ನನ್ನ ಅಂಗಳ ಹೇಗೆ ಕಾಣುತ್ತದೆ?

27-9
ಕಾಣುವುದಿಲ್ಲ, ವಿಳಾಸ ಕೇಳುತ್ತದೆ — ಪಿಂಕಿ ತೋರಿಸಿದಳು. ಅಪ್ಪನ ಅಕೌಂಟಿನಲ್ಲಿ ನಮ್ಮ ಈ ಊರು, ಕುಂಬ್ಡಾಜೆ ಎಂದು ಬರೆದಳು. ಆರು ಡಾಲರ್ ಹೋಗಿ 129 ಬಂತು. ಕೆಳಗೆ ಒಂದು ಚೌಕ. ‘ನಾನು ಭಾರತದಲ್ಲಿ ವಾಸವಾಗಿದ್ದೇನೆ.’
“ಒಂದು ಟಿಕ್ ಅಷ್ಟೇ ಆಂಟಿ. ಪಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಇಲ್ಲಿಯೇ ಉಂಟಲ್ಲ?”
ಉಂಟು, ಸರಿ. ಆದರೆ ಇಂತಹ ಟಿಕ್ ಹಾಕಿ ತಂದ ಪುಸ್ತಕ ಹಿಡಿದು ದೇವಮಾತೆಯ ಮುಂದೆ ಕುಳಿತುಕೊಳ್ಳುವುದೇ? ಬೆನ್ನಿಗೇ ಫೋನ್ ಹಚ್ಚಿದೆ.
“ನೀನು ಈಗ ವಾಸ ಎಲ್ಲಿ?”
“ಅಕ್ಕ, ಇದೆಂತ ಪ್ರಶ್ನೆ! ಕುವೈತ್.”
“ಹಾಗಾದರೆ ಕುವೈತಿನ ಕ್ರಯವೇ ಕೊಡು.”
“ಒಳ್ಳೆ ಕತೆ! ಸತ್ಯ ನಿನ್ನದು, ಹಣ ನನ್ನದಾ?”
ಹೌದಲ್ಲ... ಅದು ಹೊಳೆದಿರಲಿಲ್ಲ. ನಾನೂರು ಪಿಂಕಿಯ ಕೈಗೆ ಕೊಡುತ್ತೇನೆ ಎಂದೆ. ಬೈದ. ಫೋನ್ ಇಟ್ಟುಬಿಟ್ಟ.

30-9
ಪುಸ್ತಕ ಬಂತು. ಬೆನ್ನಿ ಆರು ಡಾಲರೇ ಕೊಟ್ಟಿದ್ದಾನೆ. ನಾನು ಕೊಟ್ಟ ಹಣ ಪಿಂಕಿ ಮುಟ್ಟಲಿಲ್ಲ, “ಪಪ್ಪ ಬೈತಾರೆ.” ತನ್ನ ಟ್ಯಾಬ್ ಬಿಟ್ಟುಹೋಗಿದ್ದಾಳೆ. ಅಕ್ಷರ ಹುಣಸೆಬೀಜದಷ್ಟು. ಐದು ಪುಟ ಗಟ್ಟಿಯಾಗಿ ಓದಿದೆ. ಒಂದು ಕಡೆಯೂ ತಡವರಿಸಲಿಲ್ಲ.

1-10, ಸಂಜೆ ಆರೂಮುಕ್ಕಾಲು
ಮೇಣದಬತ್ತಿ ಹಚ್ಚಿಯಾಯಿತು. ಟ್ಯಾಬ್ ಚಾರ್ಜ್ ನೂರಕ್ಕೆ ನೂರು. ಮೊದಲ ಹತ್ತು ಮಣಿ ಬೆನ್ನಿಗಾಗಿ, ಅವನು ಹೆಚ್ಚು ಕೊಟ್ಟ ಇನ್ನೂರ ಎಪ್ಪತ್ತೊಂದಕ್ಕೆ... ಛೆ, ಪ್ರಾರ್ಥನೆಗೂ ಕ್ರಯ ಕಟ್ಟುತ್ತಿದ್ದೇನಲ್ಲ. ಹತ್ತಲ್ಲ, ಸರದ ಐವತ್ತು ಮಣಿಯೂ ಅವನಿಗೇ ಇರಲಿ. ಹಾಗೆಂದರೆ ರೆಶ್ಮಾಳ ಮಗುವಿನ ಜ್ವರಕ್ಕೆ ಮಣಿಯೇ ಉಳಿಯುವುದಿಲ್ಲ—
ಗೇಟಿನ ಸದ್ದು. ಜಪಕ್ಕೆ ಬಂದರು.