ರಿಜಿಸ್ಟರಿನಲ್ಲಿ ಸುರಿದ ಮಳೆ

ಪೆಂಡುರ್ತಿ, ವಿಶಾಖಪಟ್ಟಣ
18 ಫೆಬ್ರವರಿ 1993

ಮಂಗಳಾ,

ನಿನ್ನ ಕಾಗದ ಸೋಮವಾರ ಬಂತು. ಕುಶಲ ಕೇಳದೆ ನೇರವಾಗಿ ಬರೆದಿದ್ದೀಯ. ನಾನೂ ಹಾಗೆಯೇ ಬರೆಯಬೇಕೆಂದು ಮೂರು ದಿನ ಕೂತೆ, ಆಗಲಿಲ್ಲ. ವಿಶಾಖಪಟ್ಟಣಕ್ಕೆ ವರ್ಗ ಕೇಳುವ ಅರ್ಜಿ ತುಂಬಿಸಿ ಇಟ್ಟಿದ್ದೀಯ, ಕೊಡಲು ಇಪ್ಪತ್ತಾರು ಕೊನೆಯ ದಿನ. ನನ್ನ ಉತ್ತರ ಓದಿದ ಮೇಲೆ ಸಹಿ ಹಾಕುವುದೋ ಹರಿದು ಹಾಕುವುದೋ ನೋಡುತ್ತೇನೆ ಎಂದಿದ್ದೀಯ. ಆರು ವರ್ಷ ನೀನು ವಿಜಯವಾಡದಲ್ಲಿ, ನಾನು ಇಲ್ಲಿ. ದಸರೆಯಲ್ಲಿ ನಾನೇ ಬಂದು, ಇನ್ನು ಸಾಕು, ಬಾ ಎಂದು ಕರೆದವನು. ಆದ್ದರಿಂದ ಉತ್ತರ ಕೊಡಬೇಕಾದವನೂ ನಾನೇ.

ವಿಜಯವಾಡದ ಆ ವಿಚಾರ ಸಂಕಿರಣಕ್ಕೆ ನೀನು ಬಂದಿದ್ದೆ ಎಂಬುದೇ ನನಗೆ ತಿಳಿದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದೆಯಂತೆ. ದೀಪ ಆರಿಸಿದ್ದರು. ಪರದೆಯ ಮೇಲೆ ನನ್ನ ಅಕ್ಷರ ಒಂದು ಗೋಡೆಯಷ್ಟು ದೊಡ್ಡದಾಗಿತ್ತು: '14 ಮಾರ್ಚ್ 1985. ಮಳೆ. ಕೆಲಸ ನಿಂತಿದೆ.' ಸಭೆ ನಕ್ಕಿತು. ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಜಗನ್ಮೋಹನ್ ಎದ್ದು, "ಚೂಡಂಡಿ, ಮನ ಜಯದೇವಗಾರು ಎಂಡಲೋ ವಾನ ಕುರಿಪಿಂಚಾರು" ಎಂದರು. ನೋಡಿ, ನಮ್ಮ ಜಯದೇವ ಬಿಸಿಲಿನಲ್ಲಿ ಮಳೆ ಸುರಿಸಿದರು ಎಂದು. ಜನ ಇನ್ನಷ್ಟು ನಕ್ಕರು. ನಾನೂ ನಕ್ಕೆ. ನೀನು ಆಗಲೇ ಎದ್ದು ಹೋಗಿರಬೇಕು.

ನನ್ನ ಸಂಶೋಧನೆ ಏನೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಟ್ಟುವ ಕೆಲಸಗಳು ಯಾಕೆ ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಎಂಬುದು ವಿಷಯ. ಕೆಲಸ ನಡೆದ ದಿನಗಳನ್ನು ನೋಡುವವರು ಬಹಳ ಜನ. ನಾನು ಏನೂ ನಡೆಯದ ದಿನಗಳನ್ನು ಹುಡುಕಿಕೊಂಡು ಹೋದೆ. ನಮ್ಮ ಕಾರ್ಖಾನೆ ಕಟ್ಟಿದ ಎಂಟು ವರ್ಷಗಳ ಸೈಟ್ ರಿಜಿಸ್ಟರುಗಳು ಒಂದು ಗೋದಾಮಿನಲ್ಲಿ ಗೆದ್ದಲಿಗೆ ಕಾಯುತ್ತಿದ್ದವು. ಮಳೆಯಿಂದ ಕೆಲಸ ನಿಂತಿತು ಎಂದು ಬರೆದ ದಿನಗಳು ಇನ್ನೂರ ಹನ್ನೆರಡು ಸಿಕ್ಕವು. ಹವಾಮಾನ ಕಚೇರಿಯ ಪುಸ್ತಕದೊಂದಿಗೆ ಒಂದೊಂದಾಗಿ ಹೋಲಿಸಿದೆ. ಅವುಗಳಲ್ಲಿ ಎಪ್ಪತ್ತು ದಿನ ಒಂದು ಹನಿಯೂ ಬಿದ್ದಿರಲಿಲ್ಲ.

ಇದು ನಮ್ಮ ಸೈಟ್ ಇಂಜಿನಿಯರುಗಳ ಪದ್ಧತಿ. ಸಿಮೆಂಟ್ ಬರಲಿಲ್ಲ ಎಂದು ಬರೆದರೆ ಉಗ್ರಾಣದವರು ಜಗಳಕ್ಕೆ ಬರುತ್ತಾರೆ. ನಕ್ಷೆ ಬರಲಿಲ್ಲ ಎಂದರೆ ಮೇಲಿನವರಿಗೆ ಕೋಪ. ಮಳೆ ಎಂದರೆ ಯಾರೂ ಮಾತಾಡುವುದಿಲ್ಲ, ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ. ನಾನು ಆ ದಿನಗಳ ನಿಜವಾದ ಕಾರಣಗಳನ್ನು ಹುಡುಕಿ, ಹಳೆಯ ಮೇಸ್ತ್ರಿಗಳ ಮನೆಗಳಿಗೆ ಹೋಗಿ ಕೇಳಿ ತುಂಬಿಸಿದೆ. ಇತ್ತೀಚೆಗೆ ಮಧ್ಯಾಹ್ನದ ನಿದ್ದೆಯಲ್ಲಿ ಆ ಮಳೆಯೆಲ್ಲ ಸುರಿಯುತ್ತದೆ. ಸದ್ದಿಲ್ಲದ ಮಳೆ. ಕಬ್ಬಿಣದ ಸರಳುಗಳ ಕಾಡಿನೊಳಗೆ ನಿಂತಿರುತ್ತೇನೆ, ನೆಲ ಒಣಗಿಯೇ ಇರುತ್ತದೆ. ಎಚ್ಚರವಾದಾಗ ಅಂಗಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಸಭೆಗೆ ಮಾದರಿಯಾಗಿ ಒಂದು ಹಾಳೆ ತೋರಿಸಬೇಕಿತ್ತು. ಬೇರೆಯವರ ಅಕ್ಷರ ತೋರಿಸಿ ನಗಿಸುವುದು ಬೇಡವೆಂದು ನನ್ನದೇ ಒಂದನ್ನು ತೆಗೆದೆ. ತಾರೀಖು ನೋಡಲಿಲ್ಲ ಎಂದು ಬರೆಯಬಹುದಿತ್ತು. ನೋಡಿದ್ದೆ. ನಿಮ್ಮ ಊರಿನಲ್ಲಿ, ಕತ್ತಲೆಯಲ್ಲಿ, ಗುರುತಿಲ್ಲದ ಜನರ ಮುಂದೆ ಅದನ್ನು ಒಮ್ಮೆ ಬೆಳಕಿಗೆ ಹಿಡಿಯಬೇಕೆನ್ನಿಸಿತು. ಗುರುತಿನವರು ಇರುತ್ತಾರೆಂದು ಹೊಳೆಯಲಿಲ್ಲ.

ಈಗ ಆ ದಿನ. ವಿಜಯವಾಡದ ಭವಾನಿಪುರಂನಲ್ಲಿರುವ ನಿನ್ನ ಅಣ್ಣನ ಮನೆಗೆ ಹೆರಿಗೆಗೆಂದು ನೀನು ಹೋಗಿ ಎರಡು ತಿಂಗಳಾಗಿತ್ತು. ಹದಿಮೂರರ ಸಂಜೆ ನಿನ್ನ ಅಣ್ಣನ ತಂತಿ ಬಂತು: ಆಸ್ಪತ್ರೆಗೆ ಸೇರಿಸಿದ್ದೇವೆ, ಕೂಡಲೇ ಹೊರಡಿ. ಮಾರನೆಯ ದಿನ ಒಂದು ದೊಡ್ಡ ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವುದಿತ್ತು. ಆಮೇಲೆ ನಿನಗೆ ಹೇಳಿದ್ದು ಅದನ್ನೇ. ಒಮ್ಮೆ ಶುರುವಾದರೆ ನಡುವೆ ಬಿಟ್ಟು ಬರುವಂತಿಲ್ಲ, ನಿಲ್ಲಿಸಿದ ಜಾಗದಲ್ಲಿ ಬಿರುಕು ಉಳಿಯುತ್ತದೆ ಎಂದೆ. ನೀನು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದವಳು, "ಆಯ್ತು ಬಿಡಿ, ನಿಮ್ಮ ಅಡಿಪಾಯ ಗಟ್ಟಿಯಾಗಿರ್ಲಿ" ಅಂದೆ. ನಿನ್ನ ಅಮ್ಮ ಬಾಗಿಲಲ್ಲೇ ನಿಂತು, "ಬರೋ ಮನಸ್ಸಿದ್ದೋರು ಅವತ್ತೇ ಬರ್ತಿದ್ರು ಕಣೇ" ಎಂದರು. ನಾನು ಬಂದಿದ್ದು ಹದಿನೆಂಟಕ್ಕೆ, ಎಲ್ಲ ಮುಗಿದ ನಾಲ್ಕು ದಿನಕ್ಕೆ. ಮಗು ಉಸಿರಿಲ್ಲದೆ ಹುಟ್ಟಿತೆಂದು ನೀವು ಹೇಳಿದಿರಿ. ನಾನು ಕೇಳಿಸಿಕೊಂಡೆ.

ಆ ದಿನ ಕಾಂಕ್ರೀಟ್ ಬೀಳಲಿಲ್ಲ, ಮಂಗಳಾ. ಮೊದಲು ಸರಳುಗಳನ್ನು ನೋಡಿ ನಾನು ಸಹಿ ಹಾಕಬೇಕು, ಆಮೇಲೆಯೇ ಯಂತ್ರ ತಿರುಗಬೇಕು. ಎಂಬತ್ತು ಜನ ಬಾಂಡಲಿ ಹಿಡಿದು ಸಂಜೆಯ ತನಕ ಕೂತಿದ್ದರಂತೆ. ನಾನು ಹದಿಮೂರರ ರಾತ್ರಿಯ ರೈಲು ಹಿಡಿದಿದ್ದೆ, ಯಾರಿಗೂ ಹೇಳದೆ.

ಬೆಳಿಗ್ಗೆ ವಿಜಯವಾಡದಲ್ಲಿ ಇಳಿದೆ. ಕೃಷ್ಣೆಯ ದಂಡೆಗೆ ಹೋಗಿ ಕೂತೆ. ಮಂಜಿನಲ್ಲಿ ಭವಾನಿ ದ್ವೀಪ ನೀರಿನಿಂದ ಬಿಡಿಸಿಕೊಂಡು ಸ್ವಲ್ಪ ಮೇಲೆ ತೇಲುವಂತೆ ಕಾಣುತ್ತಿತ್ತು. ಒಂದು ದೋಣಿ ಅದರ ಕಡೆ ಹೋಗುತ್ತಲೇ ಇತ್ತು, ತಲುಪುತ್ತಿರಲಿಲ್ಲ. ಯಾರೋ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅವಳ ಕೈ ಕೆಳಗೆ ಬಿದ್ದ ಮೇಲೆ, ಎಷ್ಟೋ ಹೊತ್ತಾದ ಮೇಲೆ ಸದ್ದು ಬಂದು ಮುಟ್ಟುತ್ತಿತ್ತು. ನಿನ್ನಿಂದ ಎರಡು ಮೈಲಿಯೂ ಇರಲಿಲ್ಲ. ಏಳುತ್ತೇನೆ, ಈಗ ಏಳುತ್ತೇನೆ ಎಂದುಕೊಂಡೆ. ಬಿಸಿಲೇರಿ ಮಂಜು ಹೋಯಿತು, ದ್ವೀಪ ನೀರಿಗಿಳಿದು ಸಾಧಾರಣ ದ್ವೀಪವಾಯಿತು. ಮಧ್ಯಾಹ್ನದ ರೈಲಿನಲ್ಲಿ ವಾಪಸು ಹೋದೆ. ಇದಕ್ಕೆ ಏನು ಹೆಸರು ಕೊಡುವುದೋ ಗೊತ್ತಿಲ್ಲ. ಹೆದರಿದೆ ಎಂದು ಇಟ್ಟುಕೋ.

ಮಾರನೆಯ ಬೆಳಿಗ್ಗೆ ರಿಜಿಸ್ಟರು ತೆರೆದು ಪೆನ್ನು ಹಿಡಿದು ಕೂತಿದ್ದೆ. ಮೇಸ್ತ್ರಿ ಈಶ್ವರಯ್ಯ ನನ್ನ ಮುಖ ನೋಡಿದ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. "ವಾನ ಅನಿ ರಾಸೆಯ್ಯಂಡಿ ಸಾರ್, ವಾನ ಮೀದ ಎವರೂ ಕೇಸು ಪೆಟ್ಟರು" ಎಂದ. ಮಳೆ ಅಂತ ಬರೆದುಬಿಡಿ, ಮಳೆಯ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಬರೆದೆ. ಹೊರಗೆ ಬಾಂಡಲಿ ಹೊರುವ ದುರ್ಗಾಂಬ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏಂ ಸಾರೂ, ನಿನ್ನಟಿ ವಾನಕಿ ಮಾ ಚೀರಲು ಕೂಡಾ ತಡವಲೇದೇ" ಅಂದಳು, ನಿನ್ನೆಯ ಮಳೆಗೆ ನಮ್ಮ ಸೀರೆ ಸಹ ನೆನೆಯಲಿಲ್ಲವಲ್ಲ ಎಂದು. ಹೆಂಗಸರು ನಕ್ಕರು. ಅವಳೊಬ್ಬಳೇ ನನ್ನನ್ನು ಹಿಡಿದವಳು, ನೀನು ಆ ಸಭೆಗೆ ಬರುವ ತನಕ.

ಪ್ರಬಂಧದಲ್ಲಿ ಅರವತ್ತೊಂಬತ್ತು ದಿನಗಳ ಮುಂದೆ ಕಾರಣ ಬರೆದಿದ್ದೇನೆ. ಎಪ್ಪತ್ತನೆಯದಕ್ಕೆ ಖಾಲಿ ಬಿಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ 'ಇಂಜಿನಿಯರ್ ಗೈರುಹಾಜರು' ಎಂದು ತುಂಬಿಸಿದೆ. ಇದಕ್ಕೆ ಆಧಾರವೇನು ಎಂದು ಪ್ರೊಫೆಸರ್ ಕೇಳಿದರು. ನಾನೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇರಲಿ ಎಂದರು.

ನೀನು ಕೇಳಿದ್ದು ಆ ದಿನ ಎಲ್ಲಿದ್ದಿರಿ ಎಂದು. ನದಿಯ ದಂಡೆಯಲ್ಲಿದ್ದೆ. ಸಹಿ ನಿನಗೆ ಬಿಟ್ಟದ್ದು.

ನಿನ್ನ,
ಜಯದೇವ

ಮತ್ತೊಂದು ಮಾತು: ಲಕೋಟೆ ಅಂಟಿಸಿಯಾಗಿತ್ತು. ಇಷ್ಟಕ್ಕೇ ಕಳಿಸಿದ್ದರೆ ನೀನು ಬಹುಶಃ ಬರುತ್ತಿದ್ದೆ. ಅದಕ್ಕೇ ಮತ್ತೆ ಬಿಚ್ಚಿದೆ. ನದಿಗೆ ಹೋದದ್ದು ರೈಲ್ವೆ ನಿಲ್ದಾಣದಿಂದಲ್ಲ, ಆಸ್ಪತ್ರೆಯಿಂದ. ನಿನ್ನ ಅಮ್ಮ, ಅಣ್ಣ ಆ ಗಳಿಗೆಯಲ್ಲಿ ಔಷಧಿಗೋ ಫೋನಿಗೋ ಹೋಗಿದ್ದರು. ಕೋಟೇಶ್ವರಮ್ಮ ಎಂಬ ನರ್ಸು, "ತಂಡ್ರಿಗಾರಾ?" ಎಂದು ಕೇಳಿದಳು. ಹೌದು, ತಂದೆ ಎಂದೆ. ಬಟ್ಟೆಯ ಅಂಚು ಸರಿಸಿದಳು. ಮಗುವಿನ ಮುಖವನ್ನು ಮನೆಯವರು ಯಾರೂ ನೋಡಲಿಲ್ಲ ಎಂದು ನಿನಗೆ ಹೇಳಿದ್ದಾರೆ. ನಾನು ನೋಡಿದೆ. ಹೆಣ್ಣು. ದಟ್ಟ ಕೂದಲು, ಹಣೆಗೆ ಅಂಟಿತ್ತು. ಗದ್ದ ನಿನ್ನದೇ. ಏನನ್ನೋ ಹೇಳಲು ಹೊರಟು ಬೇಡವೆಂದು ಸುಮ್ಮನಾದ ಹಾಗೆ ತುಟಿ. ಪಕ್ಕದ ಕೋಣೆಯಲ್ಲಿ ನೀನು ಮತ್ತಿನಲ್ಲಿ ಮಲಗಿದ್ದೆ, ಪಾದಗಳು ಕಾಣುತ್ತಿದ್ದವು. ಎಚ್ಚರವಾದ ಕೂಡಲೇ ನೀವೇ ಹೇಳಬೇಕು, ಬೇರೆಯವರ ಬಾಯಿಂದ ಬೇಡ ಎಂದಳು ಆ ನರ್ಸು. ಆಗಲಿ, ಟೀ ಕುಡಿದು ಬರುತ್ತೇನೆ ಎಂದೆ.