ಹ್ಯಾಡ್ಲೋ ಗುಡ್ಡದ ಕಾಲುದಾರಿ

ಹ್ಯಾಡ್ಲೋ, ಗುರುವಾರ

ಚಿಕ್ಕಮ್ಮಾ,

ಖುಷಿಯ ಗಡಿಬಿಡಿಯಲ್ಲಿ ಬರೀತಿದೀನಿ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಮ್ಮ ಚಪ್ಪಟೆ ಹೊಲಗಳ ಊರಲ್ಲಿ ಬೆಳೆದ ನನಗೆ ಈ ಗುಡ್ಡ ಕಂಡ ದಿನವೇ ಹುಚ್ಚು ಹಿಡಿಯಿತು. ಆದರೆ ಅಲ್ಲಿರುವುದು ಬರೀ ಕಾಲುದಾರಿ, ಸೈಕಲ್ ಹತ್ತಿಸುವ ಹಕ್ಕಿಲ್ಲ. ಇಲ್ಲಿನ ಕಾನೂನಲ್ಲಿ ಕುದುರೆ ಹೋಗುವ ದಾರಿಯಾದರೆ ಸೈಕಲ್ಲಿಗೂ ಹಕ್ಕುಂಟು. ಜನ ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಕೇಳದೆ ಅಲ್ಲಿ ಕುದುರೆ ಓಡಿಸಿದ್ದರೆ ಅದು ಕುದುರೆದಾರಿ ಅಂತಲೇ ಲೆಕ್ಕ; ಅಂಥವರ ಸಾಕ್ಷಿ ಬೇಕು ಅಂತ ನಮ್ಮ ಸೈಕಲ್ ಗುಂಪು ಚಳಿಗಾಲವೆಲ್ಲ ಮನೆಮನೆ ಅಲೆಯಿತು. ಒಬ್ಬರೂ ಸಿಗಲಿಲ್ಲ. ಸೈಕಲ್ಲಿನವರನ್ನು ಕಂಡರಾಗದ ಊರಿನ ಎನಿಡ್ ಅಜ್ಜಿಯಂತೂ ಮುಖದ ಮೇಲೇ ಬಾಗಿಲು ಹಾಕಿದ್ದಳು.

ನಿನ್ನೆ ಊರ ಸಭೆಯಲ್ಲಿ, ದಾರಿಗಳ ಹಕ್ಕು ನೋಡಿಕೊಳ್ಳುವ ಜಿಲ್ಲೆಯ ಅಧಿಕಾರಿಯ ಮುಂದೆ, ಅದೇ ಅಜ್ಜಿ ಎದ್ದು ನಿಂತು ಊರುಗೋಲು ಕುಟ್ಟಿದಳು. "ಈ ಕೆಸರು ಮೆತ್ತಿದ ಕೋತಿಗಳಿಗೆ ಅಲ್ಲೇನ್ರೀ ಕೆಲಸ? ಮಂಡಿ ಕೈಕೊಡೋವರೆಗೂ, ಮೂವತ್ತು ವರ್ಷ, ದಿನಾ ನನ್ನ ಕುದುರೆ ಮೇಲೆ ಅಲ್ಲೇ ಓಡಾಡಿದೀನಿ. ಒಂದು ಸೈಕಲ್ ಕಂಡಿಲ್ಲ!"

"ಯಾರದಾದ್ರೂ ಅಪ್ಪಣೆ ತಗೊಂಡಿದ್ರಾ, ಅಮ್ಮ?" ಅಧಿಕಾರಿ ಮೆಲ್ಲಗೆ ಕೇಳಿದ.

"ಅಪ್ಪಣೆನಾ? ನಾನಾ? ಯಾವನನ್ನ ಕೇಳ್ಬೇಕಿತ್ತು?"

ಅವನು ಒಂದಕ್ಷರ ಬಿಡದೆ ಬರೆದುಕೊಂಡ. ನಮ್ಮ ಗುಂಪಿನ ಡೆಸ್ಮಂಡ್‌ಗೆ ಚಹಾ ನೆತ್ತಿಗೇರಿತು. ಅದನ್ನು ಕುದುರೆದಾರಿ ಅನ್ನುವ ಆದೇಶ ಬರಲು ವರ್ಷಗಟ್ಟಲೆ ಹಿಡಿಯಬಹುದು, ಆದರೆ ಸಾಕ್ಷಿ ಸಿಕ್ಕಿತಲ್ಲ!

ಹೊರಗೆ ಬಂದಾಗ ಅಜ್ಜಿ ನನ್ನ ಸೈಕಲ್ಲನ್ನು ತಡೆದಳು. "ಏನೇ ಹುಡುಗಿ, ನನ್ನ ಬಾಯಿಂದ್ಲೇ ಕೆಟ್ನಾ ನಾನು?"

"ಹೂಂ ಅಜ್ಜಿ."

ಅವಳು ಸೈಕಲ್ಲನ್ನು ಹಿಂದೆಮುಂದೆ ನೋಡಿದಳು. "ಬೆಲ್ ಎಲ್ಲೇ? ಸದ್ದಿಲ್ದೆ ಹಿಂದಿನಿಂದ ಬಂದ್ರೆ ಕುದುರೆ ಒದೆಯುತ್ತೆ. ಕುದುರೆ ಇಲ್ದಿದ್ರೆ ನಾನೇ ಒದೀತೀನಿ."

ಹೋದ ಪತ್ರದಲ್ಲಿ ಬರೆದಿದ್ದೆನಲ್ಲ, ಸೈಕಲ್ಲಿಂದ ಬಿದ್ದು ಉಳುಕಿದ ಕಾಲಿನ ಊತ ಇಳಿದಿದೆ. ದುಡ್ಡೇನೂ ಬೇಡ, ಒಂದು ಬೆಲ್ ಕಳಿಸು. ಅಜ್ಜಿಗೆ ಕಿವಿ ಮಂದ, ಜೋರಾಗಿ ಬಾರಿಸುವಂಥದ್ದೇ ಇರಲಿ.

ನಿನ್ನ ಟಿಲ್ಡಾ